ಶಾಲೆಗಳನ್ನು ತೂಗುವ ತಕ್ಕಡಿ

(ಮಹಿಳಾ ವೇದಿಕೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)





ನನಗೆ ಕೊಟ್ಟಿರುವ ವಿಷಯ ‘ಬೇರೆ ಬೇರೆ ದೇಶಗಳ ಶಿಕ್ಷಣ ವ್ಯವಸ್ಥೆಗಳನ್ನು ಹೋಲಿಸುವ ಸಂಶೋಧನಾ ವಿಧಾನಗಳು’. ಹೆಸರು ಕೇಳಿದರೆ ಪಿಎಚ್‌.ಡಿ. ಪರೀಕ್ಷೆಯ ನೆನಪಾಗಿ ಕೆಲವರಿಗೆ ಈಗಲೇ ಆಕಳಿಕೆ ಬಂದಿರಬಹುದು. ಆದರೆ ಈ ಕೆಲಸವನ್ನು ನಾವೆಲ್ಲ ವಾರಕ್ಕೊಮ್ಮೆಯಾದರೂ ಮಾಡುತ್ತೇವೆ. “ಅಮೆರಿಕದಲ್ಲಿ ಮೊಮ್ಮಗಳಿಗೆ ಹೋಂವರ್ಕೇ ಇಲ್ಲವಂತೆ ಕಣ್ರೀ.” “ಜರ್ಮನಿಯಲ್ಲಿ ಹತ್ತು ವರ್ಷಕ್ಕೇ ಮಗು ಯಾವ ದಾರಿ ಹಿಡಿಯಬೇಕು ಅಂತ ತೀರ್ಮಾನ ಆಗಿಬಿಡುತ್ತದಂತೆ.” “ಬೆಂಗಳೂರಿನ ಪಿಯುಸಿಗಿಂತ ಇಲ್ಲಿನ ಹನ್ನೆರಡನೇ ತರಗತಿ ಸುಲಭವಂತೆ.” ಇವೆಲ್ಲ ಹೋಲಿಕೆಗಳೇ. ಇಂಥ ಮಾತಿನ ಮೇಲೆ ನಾವು ಮಕ್ಕಳನ್ನು ಒಂದು ಶಾಲೆಯಿಂದ ಬಿಡಿಸುತ್ತೇವೆ, ಇನ್ನೊಂದಕ್ಕೆ ಸೇರಿಸುತ್ತೇವೆ, ಲಕ್ಷಗಟ್ಟಲೆ ಶುಲ್ಕ ಕಟ್ಟುತ್ತೇವೆ, ಮನೆಯಲ್ಲಿ ಯಾವ ಭಾಷೆ ಆಡಬೇಕು ಎಂಬುದನ್ನೂ ನಿರ್ಧರಿಸುತ್ತೇವೆ. ಹಾಗಾಗಿ ಹೋಲಿಸುವ ಕ್ರಮ ಯಾವುದು ಎಂದು ತಿಳಿಯುವುದು ನಮಗೂ ಬೇಕಾದ ವಿದ್ಯೆ.

ಇದನ್ನು ಮಾತಾಡಲು ಪುಣೆಗಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಹೊರದೇಶದ ಶಿಕ್ಷಣವನ್ನು ನೋಡಿ, ತೂಗಿ, ಬೇಕಾದ್ದನ್ನು ತಂದ ಮೂವರ ಕಥೆ ಈ ಊರಿಗೆ ಸೇರಿದ್ದು. ಅವರಲ್ಲಿ ಇಬ್ಬರಿಗೆ ಕನ್ನಡ ನಾಡಿನ ನಂಟೂ ಇದೆ.

ಮೊದಲನೆಯವರು ಪಂಡಿತಾ ರಮಾಬಾಯಿ. ಅವರು ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. 1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷಿ ಹೇಳಿ, ಹೆಣ್ಣುಮಕ್ಕಳಿಗೆ ಕಲಿಸಲು ಶಿಕ್ಷಕಿಯರು ಬೇಕು, ಹೆಂಗಸರಿಗೆ ಮದ್ದು ಕೊಡಲು ಹೆಣ್ಣು ವೈದ್ಯರು ಬೇಕು ಎಂದು ಒತ್ತಾಯಿಸಿದರು. ಮರುವರ್ಷ ಇಂಗ್ಲೆಂಡಿಗೆ ಹೋದರು. 1886ರಲ್ಲಿ ಆನಂದಿಬಾಯಿ ಜೋಶಿಯವರು ಫಿಲಡೆಲ್ಫಿಯಾದಲ್ಲಿ ವೈದ್ಯಕೀಯ ಪದವಿ ಪಡೆಯುವುದನ್ನು ನೋಡಲು ಅಮೆರಿಕಕ್ಕೆ ಹೋದವರು ಅಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಉಳಿದರು. ಫ್ರೋಬೆಲ್‌ ಅವರ ಕಿಂಡರ್‌ಗಾರ್ಟನ್ ಪದ್ಧತಿಯನ್ನು ಅಲ್ಲೇ ಕಲಿತರು. ತಾವು ನೋಡಿದ ಶಾಲೆಗಳು, ಅಲ್ಲಿನ ಹೆಂಗಸರ ಸ್ಥಿತಿ, ಅವರ ಸಂಘಸಂಸ್ಥೆಗಳು, ಎಲ್ಲವನ್ನೂ 1889ರಲ್ಲಿ ಮರಾಠಿಯಲ್ಲಿ ಪುಸ್ತಕವಾಗಿ ಬರೆದರು. ಅದೇ ವರ್ಷ ಮುಂಬಯಿಯಲ್ಲಿ ಶಾರದಾ ಸದನ ತೆರೆದು, ಮುಂದೆ ಅದನ್ನು ಪುಣೆಗೆ ತಂದರು.

ಇದು ಹೋಲಿಕೆಯ ಅತ್ಯಂತ ಹಳೆಯ ವಿಧಾನ: ಹೋಗಿ, ಇದ್ದು, ಕಣ್ಣಾರೆ ನೋಡಿ, ಬರೆಯುವುದು. ಇದರ ಬಲ ಏನೆಂದರೆ, ಅಂಕಿಗಳಲ್ಲಿ ಸಿಗದ ಸಂಗತಿಗಳು ಸಿಗುತ್ತವೆ. ಮಿತಿ ಏನೆಂದರೆ, ನೋಡುವವರು ಎಲ್ಲಿಗೆ ಹೋದರೋ ಅಷ್ಟೇ ಕಾಣುತ್ತದೆ. ಹತ್ತು ದಿನ ಮಗಳ ಮನೆಗೆ ಹೋಗಿ ಬಂದ ನಾವು “ಅಮೆರಿಕದ ಶಾಲೆ ಹೀಗೆ” ಎಂದರೆ, ನಾವು ನೋಡಿದ್ದು ಒಂದು ಬಡಾವಣೆಯ ಒಂದು ಶಾಲೆ ಮಾತ್ರ. ಅಲ್ಲಿ ಶಾಲೆಗಳ ಆಡಳಿತ ಬಹುಪಾಲು ರಾಜ್ಯ ಮತ್ತು ಸ್ಥಳೀಯ ಮಂಡಳಿಗಳ ಕೈಯಲ್ಲಿದೆ. ಹಣವೂ ಹೆಚ್ಚಾಗಿ ಅಲ್ಲಿಂದಲೇ ಬರುತ್ತದೆ. ಪಕ್ಕದ ಬಡಾವಣೆಯ ಶಾಲೆಯೇ ಬೇರೆ ಥರ ಇರಬಹುದು.

ಎರಡನೆಯವರು ಮಹರ್ಷಿ ಧೋಂಡೋ ಕೇಶವ ಕರ್ವೆ. ಕರ್ವೆ ರಸ್ತೆಯಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗಲೆಲ್ಲ ನಾವು ಹೇಳುವ ಹೆಸರು. ಹಿಂಗಣೆಯಲ್ಲಿ ವಿಧವೆಯರಿಗಾಗಿ ಆಶ್ರಮ ನಡೆಸುತ್ತಿದ್ದ ಅವರಿಗೆ ಕಾಶಿಯ ಸ್ನೇಹಿತರೊಬ್ಬರು ಟೋಕಿಯೋದ ಜಪಾನ್ ಮಹಿಳಾ ವಿಶ್ವವಿದ್ಯಾಲಯದ ಬಗ್ಗೆ ಒಂದು ಕಿರುಪುಸ್ತಕ ಕಳಿಸಿದ್ದರು. ಆ ಸಂಸ್ಥೆ ಶುರುವಾದದ್ದು 1901ರಲ್ಲಿ. 1915ರಲ್ಲಿ ಸಾಮಾಜಿಕ ಪರಿಷತ್ತಿನ ಅಧ್ಯಕ್ಷ ಭಾಷಣದಲ್ಲಿ ಕರ್ವೆಯವರು ಆ ಮಾದರಿಯನ್ನು ಮುಂದಿಟ್ಟರು, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಆರಂಭಿಸಿಯೇ ಬಿಟ್ಟರು. ಇಂದಿನ ಎಸ್‌.ಎನ್‌.ಡಿ.ಟಿ. ಅದೇ.

ಕರ್ವೆಯವರು ಜಪಾನಿನದನ್ನು ಹಾಗೇ ನಕಲು ಮಾಡಲಿಲ್ಲ. ಹೆಂಗಸರಿಗೆಂದೇ ಪ್ರತ್ಯೇಕ ವಿಶ್ವವಿದ್ಯಾಲಯ ಇರಬಹುದು ಎಂಬ ಧೈರ್ಯವನ್ನು ಅಲ್ಲಿಂದ ತಂದರು. ಪಾಠ ಹೇಳುವ ಭಾಷೆ ಮಾತೃಭಾಷೆಯಾಗಿರಬೇಕು ಎಂದು ಇಲ್ಲಿನ ಅಗತ್ಯ ನೋಡಿ ತೀರ್ಮಾನಿಸಿದರು. ಹೆಂಗಸರಿಗೆ ಬೇರೆ ಪಠ್ಯಕ್ರಮ ಏಕೆ, ಗಂಡಸರದ್ದೇ ಏಕೆ ಬೇಡ ಎಂಬ ಪ್ರಶ್ನೆಯನ್ನು ನಾವು ಇಂದು ಖಂಡಿತ ಕೇಳಬಹುದು. ಅವರ ಹೋಲಿಕೆಯ ಕ್ರಮ ಮಾತ್ರ ಸರಿಯಾದದ್ದು: ಅಲ್ಲಿ ಇದು ಯಾವ ಸಮಸ್ಯೆಗೆ ಉತ್ತರವಾಗಿ ಹುಟ್ಟಿತು, ನಮ್ಮಲ್ಲಿ ಆ ಸಮಸ್ಯೆ ಇದೆಯೇ, ಇದ್ದರೆ ಅದೇ ರೂಪದಲ್ಲಿದೆಯೇ? ಇಂಗ್ಲೆಂಡಿನ ಮೈಕೇಲ್ ಸ್ಯಾಡ್ಲರ್ ಎಂಬ ಶಿಕ್ಷಣತಜ್ಞರು 1900ರಲ್ಲೇ ತಮ್ಮ ಭಾಷಣವೊಂದರಲ್ಲಿ ಇದೇ ಎಚ್ಚರಿಕೆ ಕೊಟ್ಟಿದ್ದರು. ಶಾಲೆಯ ಒಳಗಿರುವುದಕ್ಕಿಂತ ಹೊರಗಿರುವುದು ಮುಖ್ಯ, ಅದೇ ಒಳಗಿನದನ್ನು ನಡೆಸುತ್ತದೆ ಎಂಬುದು ಅವರ ವಾದದ ತಿರುಳು.

ಮೂರನೆಯವರು ಜೆ.ಪಿ. ನಾಯಕ್. ಕೊಲ್ಹಾಪುರ ಜಿಲ್ಲೆಯವರು. ಸ್ವಾತಂತ್ರ್ಯ ಚಳವಳಿಯಲ್ಲಿ ಬಳ್ಳಾರಿ ಜೈಲಿಗೆ ಹೋದವರು ಅಲ್ಲಿ ಕನ್ನಡ ಕಲಿತರು. ಹೊರಗೆ ಬಂದ ಮೇಲೆ ಧಾರವಾಡದ ಹತ್ತಿರದ ಉಪ್ಪಿನಬೆಟಗೇರಿಯಲ್ಲಿ ಹಳ್ಳಿಯ ಕೆಲಸಕ್ಕೆ ನಿಂತರು. ನಮ್ಮಲ್ಲಿ ಧಾರವಾಡ ಕಡೆಯವರಿಗೆ ಇದು ಹೆಮ್ಮೆಯ ಸಂಗತಿ. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಶಿಕ್ಷಣ ಆಯೋಗಕ್ಕೆ ಇವರೇ ಸದಸ್ಯ ಕಾರ್ಯದರ್ಶಿ. ಆ ಆಯೋಗದಲ್ಲಿ ಬ್ರಿಟನ್, ಅಮೆರಿಕ, ಸೋವಿಯತ್ ಒಕ್ಕೂಟ, ಫ್ರಾನ್ಸ್ ಮತ್ತು ಜಪಾನಿನ ತಜ್ಞರೂ ಸದಸ್ಯರಾಗಿದ್ದರು. ಐದು ವ್ಯವಸ್ಥೆಗಳನ್ನು ಬಲ್ಲವರು ಒಂದೇ ಮೇಜಿನ ಸುತ್ತ ಕೂತು ಭಾರತದ ಶಿಕ್ಷಣವನ್ನು ಚರ್ಚಿಸಿದರು. ನಾವು ಬಳಸುವ 10+2+3 ಎಂಬ ಲೆಕ್ಕ ದೇಶದ ತುಂಬ ಹರಡಿದ್ದು ಆ ವರದಿಯಿಂದಲೇ. ರಾಷ್ಟ್ರೀಯ ಆದಾಯದ 6% ಶಿಕ್ಷಣಕ್ಕೆ ಸಿಗಬೇಕೆಂದು ಅದು ಹೇಳಿತು. ಆ ಗುರಿಯನ್ನು ನಾವು ಇನ್ನೂ ಮುಟ್ಟಿಲ್ಲ. ನಾಯಕ್ ಅವರು 1948ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಭಾರತೀಯ ಶಿಕ್ಷಣ ಸಂಸ್ಥೆ 1976ರಲ್ಲಿ ಪುಣೆಯ ಕೋಥರೂಡಿಗೆ ಬಂತು. ಅವರ ಪತ್ನಿ ಚಿತ್ರಾ ನಾಯಕ್ ಅವರು ಪುಣೆ ಜಿಲ್ಲೆಯ ಹಳ್ಳಿಗಳಲ್ಲಿ ಶಾಲೆ ಬಿಟ್ಟ ಮಕ್ಕಳಿಗಾಗಿ ಅನೌಪಚಾರಿಕ ಶಿಕ್ಷಣದ ದೊಡ್ಡ ಪ್ರಯೋಗ ನಡೆಸಿದರು. ದನ ಕಾಯುವ, ತಮ್ಮ ತಂಗಿಯರನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳೂ ಅದರಲ್ಲಿ ಓದಿದರು.

ಈಗ ವಿಧಾನಕ್ಕೆ ಬರೋಣ. ಜಾರ್ಜ್ ಬೆರೆಡೇ ಎಂಬ ವಿದ್ವಾಂಸರು 1964ರಲ್ಲಿ ಹೋಲಿಕೆಗೆ 4 ಮೆಟ್ಟಿಲು ಹೇಳಿದರು. ಮೊದಲು ಎರಡೂ ಕಡೆ ಏನಿದೆ ಎಂದು ವಿವರಿಸಿಕೊಳ್ಳಿ. ಆಮೇಲೆ, ಅದು ಏಕೆ ಹಾಗಿದೆ ಎಂದು ಅಲ್ಲಿನ ಇತಿಹಾಸ, ಹಣಕಾಸು, ಸಮಾಜ ನೋಡಿ ಅರ್ಥ ಮಾಡಿಕೊಳ್ಳಿ. ಮೂರನೆಯದಾಗಿ ಎರಡನ್ನೂ ಅಕ್ಕಪಕ್ಕ ಇಡಿ. ಕೊನೆಗೆ ಹೋಲಿಸಿ ತೀರ್ಮಾನ ಹೇಳಿ. ನಾವು ಮನೆಯಲ್ಲಿ ಮಾಡುವುದು ನೇರವಾಗಿ ನಾಲ್ಕನೆಯದನ್ನು!

ಇದಕ್ಕೊಂದು ಹತ್ತಿರದ ಉದಾಹರಣೆ. ಇದಕ್ಕಾಗಿ ಫಿನ್ಲೆಂಡಿಗೆ ಹೋಗಬೇಕಾಗಿಲ್ಲ, ಸೇನಾಪತಿ ಬಾಪಟ್ ರಸ್ತೆಗೆ ಹೋದರೆ ಸಾಕು. ಅಲ್ಲಿರುವ ಬಾಲಭಾರತಿ, ಅಂದರೆ 1967ರಲ್ಲಿ ಶುರುವಾದ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ, ಮರಾಠಿಯ ಜೊತೆಗೆ ಕನ್ನಡದಲ್ಲೂ ಪಠ್ಯಪುಸ್ತಕ ಪ್ರಕಟಿಸುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ಕನ್ನಡ ಮಾಧ್ಯಮದ ಮಕ್ಕಳು ಓದುವುದು ಅದನ್ನೇ. ಗಡಿ ದಾಟಿದರೆ ವಿಜಯಪುರ, ಕಲಬುರ್ಗಿಯ ಮಕ್ಕಳು ಅದೇ ಕನ್ನಡದಲ್ಲಿ ಕರ್ನಾಟಕದ ಪುಸ್ತಕ ಓದುತ್ತಾರೆ. ಭಾಷೆ ಒಂದು, ವ್ಯವಸ್ಥೆ ಎರಡು. ಸಂಶೋಧಕರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಇನ್ನೆಲ್ಲಿ ಸಿಗುತ್ತದೆ?

ನನ್ನ ಪರಿಚಯದ ಒಂದು ಮನೆಯವರು ಜತ್ತ ತಾಲ್ಲೂಕಿನವರು. ಮಗಳು ಏಳನೇ ತರಗತಿಯವರೆಗೆ ಅಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿದಳು. ತಂದೆಯ ಕೆಲಸದ ಸಲುವಾಗಿ ಕರ್ನಾಟಕದ ಒಂದು ಊರಿಗೆ ಹೋದರು. ಎಂಟಕ್ಕೆ ಸೇರಿಸುವ ಮುಂಚೆ ಶಾಲೆಯವರು ಸಣ್ಣ ಪರೀಕ್ಷೆ ಕೊಟ್ಟರು. ಇತಿಹಾಸದಲ್ಲಿ ಕದಂಬರು, ಗಂಗರು, ರಾಷ್ಟ್ರಕೂಟರ ಮೇಲೆ ಪ್ರಶ್ನೆ. ಹುಡುಗಿ ಬಹುಪಾಲು ಖಾಲಿ ಬಿಟ್ಟಳು. “ಹುಡುಗಿ ಹಿಂದಿದ್ದಾಳೆ, ಒಂದು ವರ್ಷ ಕೆಳಗೆ ಕೂರಿಸಿ” ಎಂದರು. ಮನೆಯಲ್ಲಿ ಅಜ್ಜ, “ಓದು ಹತ್ತದಿದ್ದರೆ ಯಾಕೆ ಎಳೀತೀರಿ, ನಿಲ್ಲಿಸಿಬಿಡ್ರಿ” ಎನ್ನುವವರೆಗೆ ಮಾತು ಹೋಯಿತು. ಆಗ ಅವಳ ಸೋದರತ್ತೆ ಎರಡೂ ರಾಜ್ಯದ ಪುಸ್ತಕ ತಂದು ಮುಂದಿಟ್ಟುಕೊಂಡು ಕೂತರು. ಮಹಾರಾಷ್ಟ್ರದಲ್ಲಿ ನಾಲ್ಕನೇ ತರಗತಿಯಲ್ಲೇ ಶಿವಾಜಿ ಮಹಾರಾಜರ ಚರಿತ್ರೆಯನ್ನು ಮಕ್ಕಳು ಒಂದು ಪುಸ್ತಕವಾಗಿ ಓದುತ್ತಾರೆ. ಕೋಟೆಗಳ ಹೆಸರು ಕೇಳಿದ್ದರೆ ಈ ಹುಡುಗಿ ಇಪ್ಪತ್ತು ಹೇಳುತ್ತಿದ್ದಳು. ಅವಳಿಗೆ ಇತಿಹಾಸ ಬರುತ್ತಿತ್ತು, ಕೇಳಿದ ಇತಿಹಾಸವನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಅತ್ತೆ ಎರಡು ಪುಸ್ತಕದ ಪರಿವಿಡಿಯನ್ನು ಒಂದು ಹಾಳೆಯ ಮೇಲೆ ಬರೆದು ಮುಖ್ಯೋಪಾಧ್ಯಾಯರಿಗೆ ತೋರಿಸಿದರು. ಹುಡುಗಿ ಎಂಟರಲ್ಲೇ ಕೂತಳು. ಬಿಟ್ಟುಹೋದ ಪಾಠಗಳನ್ನು ದಸರಾ ರಜೆಯಲ್ಲಿ ಓದಿ ಮುಗಿಸಿದಳು.

ಆ ಅತ್ತೆ ಮಾಡಿದ್ದಕ್ಕೆ ಸಂಶೋಧನೆಯಲ್ಲಿ ಒಂದು ಹೆಸರಿದೆ: ‘ಕಲಿಯುವ ಅವಕಾಶ’ದ ಅಳತೆ. 1964ರಲ್ಲಿ 12 ದೇಶಗಳ ಮಕ್ಕಳಿಗೆ ಗಣಿತದ ಒಂದು ದೊಡ್ಡ ಅಂತರರಾಷ್ಟ್ರೀಯ ಪರೀಕ್ಷೆ ನಡೆಯಿತು. ಆಗಲೇ ಸಂಶೋಧಕರು ಶಿಕ್ಷಕರನ್ನು ಕೇಳಿದರು: ಈ ಪ್ರಶ್ನೆಗೆ ಬೇಕಾದ ಪಾಠ ನಿಮ್ಮ ಮಕ್ಕಳಿಗೆ ಸಿಕ್ಕಿದೆಯೇ? ಸಿಗದೇ ಇದ್ದರೆ ಆ ಅಂಕ ಮಗುವಿನ ಬುದ್ಧಿಯನ್ನು ಹೇಳುವುದಿಲ್ಲ, ಪಠ್ಯಕ್ರಮದ ವ್ಯತ್ಯಾಸವನ್ನು ಹೇಳುತ್ತದೆ.

ಇನ್ನು ಪತ್ರಿಕೆಗಳಲ್ಲಿ ಬರುವ ಶ್ರೇಯಾಂಕಗಳು. ಅವುಗಳಲ್ಲಿ ಹೆಸರಾದದ್ದು ಪೀಸಾ. 2000ದಲ್ಲಿ ಶುರುವಾದ ಈ ಪರೀಕ್ಷೆ 15 ವರ್ಷದ ಮಕ್ಕಳ ಓದು, ಗಣಿತ, ವಿಜ್ಞಾನವನ್ನು ಅಳೆಯುತ್ತದೆ. ಮೊದಲ ಸಲವೇ ಓದಿನಲ್ಲಿ ಫಿನ್ಲೆಂಡ್ ಮುಂದೆ ಬಂತು. ಜಗತ್ತಿನ ಶಿಕ್ಷಣಾಧಿಕಾರಿಗಳೆಲ್ಲ ಅಲ್ಲಿಗೆ ಯಾತ್ರೆ ಹೊರಟರು. ಆಮೇಲಿನ ವರ್ಷಗಳಲ್ಲಿ ಫಿನ್ಲೆಂಡಿನ ಅಂಕಗಳು ಇಳಿದವು. 2009ರ ಸುತ್ತಿಗೆ ನಮ್ಮಿಂದ ಹಿಮಾಚಲ ಪ್ರದೇಶ ಮತ್ತು ತಮಿಳುನಾಡು ಸೇರಿದವು. ಒಟ್ಟು 74 ಪ್ರದೇಶಗಳ ಪಟ್ಟಿಯಲ್ಲಿ ಅವು ಕೊನೆಯ ಸಾಲಿನಲ್ಲಿದ್ದವು. ಪ್ರಶ್ನೆಗಳು ನಮ್ಮ ಮಕ್ಕಳ ಬದುಕಿಗೆ ಒಗ್ಗುವುದಿಲ್ಲ ಎಂದು ಹೇಳಿ ಭಾರತ ಮುಂದಿನ ಸುತ್ತುಗಳಿಂದ ಹಿಂದೆ ಸರಿಯಿತು.

ಇಲ್ಲಿ ಎರಡು ತುದಿಗೆ ಹೋಗುವುದು ಸುಲಭ. “ನಮ್ಮ ಮಕ್ಕಳು ಕೆಲಸಕ್ಕೆ ಬಾರದವರು” ಎನ್ನುವುದು ಒಂದು ತುದಿ. “ಪರೀಕ್ಷೆಯೇ ಸುಳ್ಳು” ಎನ್ನುವುದು ಇನ್ನೊಂದು. ಸಂಶೋಧಕರು ಮೊದಲು ಅಳತೆಯ ಸೇರನ್ನೇ ಪರೀಕ್ಷಿಸುತ್ತಾರೆ. ನಮ್ಮ ಅಜ್ಜಿಯರ ಕಾಲದಲ್ಲಿ ಒಂದೊಂದು ಊರಿನ ಸೇರು ಒಂದೊಂದು ಅಳತೆ. ಸೇರು ಗೊತ್ತಿಲ್ಲದೆ “ಹತ್ತು ಸೇರು ಅಕ್ಕಿ” ಎಂದರೆ ಏನೂ ತಿಳಿಯುವುದಿಲ್ಲ. ಅದಕ್ಕೆ ಕೆಲವು ಪ್ರಶ್ನೆಗಳಿವೆ.

ಮೊದಲನೆಯದು, ಪರೀಕ್ಷೆಗೆ ಕೂತವರು ಯಾರು? ಪೀಸಾದಲ್ಲಿ ಕೂರುವುದು ಶಾಲೆಯಲ್ಲಿರುವ 15ರ ಮಕ್ಕಳು. ಶಾಲೆ ಬಿಟ್ಟವರು ಲೆಕ್ಕಕ್ಕೇ ಇಲ್ಲ. ಅಂದರೆ ಹೆಚ್ಚು ಮಕ್ಕಳನ್ನು, ಅದರಲ್ಲೂ ಬಡ ಮನೆಯ ಹೆಣ್ಣುಮಕ್ಕಳನ್ನು, ಶಾಲೆಯಲ್ಲಿ ಉಳಿಸಿಕೊಂಡ ರಾಜ್ಯದ ಸರಾಸರಿ ಕಡಿಮೆ ಕಾಣಬಹುದು. ಅವರನ್ನು ಹೊರಗೆ ಬಿಟ್ಟ ರಾಜ್ಯ ಮೇಲೆ ಕಾಣಬಹುದು. 2009 ಮತ್ತು 2012ರಲ್ಲಿ ಮೊದಲ ಸ್ಥಾನ ಪಡೆದದ್ದು ಶಾಂಘೈ. ಅದು ಒಂದು ನಗರ, ಇಡೀ ಚೀನಾ ಅಲ್ಲ. ಒಂದು ಮಹಾನಗರವನ್ನು ಒಂದು ಇಡೀ ದೇಶದ ಪಕ್ಕ ಇಟ್ಟು ನೋಡುವಾಗ ಇದು ನೆನಪಿರಬೇಕು.

ಎರಡನೆಯದು, ಭಾಷೆ. ಪೀಸಾದ ಪ್ರಶ್ನೆಗಳು ಇಂಗ್ಲಿಷ್ ಮತ್ತು ಫ್ರೆಂಚ್‌ನಲ್ಲಿ ಸಿದ್ಧವಾಗುತ್ತವೆ. ಇಬ್ಬರು ಅನುವಾದಕರು ಬೇರೆ ಬೇರೆಯಾಗಿ ಅನುವಾದಿಸಿದ್ದನ್ನು ಮೂರನೆಯವರು ತಾಳೆ ನೋಡುತ್ತಾರೆ. ಇಷ್ಟು ಎಚ್ಚರ ವಹಿಸಿದರೂ ಒಂದು ಪದ ಒಂದು ಭಾಷೆಯಲ್ಲಿ ಆಡುಮಾತು, ಇನ್ನೊಂದರಲ್ಲಿ ಗ್ರಾಂಥಿಕ ಆಗಬಹುದು. ‘ಛೇದ’, ‘ಅಂಶ’ ಎಂದು ಕಲಿತ ಮಗುವಿಗೆ ಅದೇ ಲೆಕ್ಕವನ್ನು ಇಂಗ್ಲಿಷ್ ಪದದಲ್ಲಿ ಕೇಳಿದರೆ ಏನಾಗುತ್ತದೆ ಎಂದು ಮಾಧ್ಯಮ ಬದಲಿಸಿದ ತಾಯಂದಿರಿಗೆ ಗೊತ್ತು.

ಮೂರನೆಯದು, ವಯಸ್ಸೋ ತರಗತಿಯೋ? ಫಿನ್ಲೆಂಡಿನಲ್ಲಿ ಮಗುವಿಗೆ 7 ತುಂಬುವ ವರ್ಷ ಒಂದನೇ ತರಗತಿ. ಇಂಗ್ಲೆಂಡಿನಲ್ಲಿ 4 ದಾಟಿದ ಮಕ್ಕಳೇ ಶಾಲೆಯ ಮೊದಲ ವರ್ಷಕ್ಕೆ ಕಾಲಿಡುತ್ತಾರೆ. ಒಂದೇ ವಯಸ್ಸಿನವರನ್ನು ಹೋಲಿಸಿದರೆ ಓದಿದ ವರ್ಷ ಬೇರೆ. ಒಂದೇ ತರಗತಿಯವರನ್ನು ಹೋಲಿಸಿದರೆ ವಯಸ್ಸು ಬೇರೆ.

ನಾಲ್ಕನೆಯದು, ಕಲಿಸಿದವರು ಯಾರು? ಜಪಾನಿನಲ್ಲಿ ‘ಜುಕು’ ಎಂಬ ಸಂಜೆ ಪಾಠಶಾಲೆಗಳಿವೆ. ನಮ್ಮಲ್ಲಿ ಟ್ಯೂಷನ್. ಮಾರ್ಕ್ ಬ್ರೇ ಎಂಬ ಸಂಶೋಧಕರು ಇದನ್ನು ‘ನೆರಳಿನ ಶಿಕ್ಷಣ’ ಎಂದು ಕರೆದು ದಶಕಗಳಿಂದ ಅಭ್ಯಾಸ ಮಾಡಿದ್ದಾರೆ. ಟ್ಯೂಷನ್‌ಗೆ ಕೊಟ್ಟ ಹಣ ಲೆಕ್ಕಕ್ಕೆ ಬರುವುದಿಲ್ಲ, ಅದರಿಂದ ಬಂದ ಅಂಕ ಶಾಲೆಯ ಫ್ಲೆಕ್ಸ್ ಮೇಲೆ ಬರುತ್ತದೆ.

ಅಳತೆಯ ಸೇರನ್ನು ನಾವೇ ತಯಾರಿಸಿದ್ದೂ ಉಂಟು. ‘ಪ್ರಥಮ್’ ಸಂಸ್ಥೆ 2005ರಲ್ಲಿ ‘ಅಸರ್’ ಸಮೀಕ್ಷೆ ಶುರುಮಾಡಿತು. ಇವರು ಶಾಲೆಗೆ ಹೋಗಿ ಮಕ್ಕಳನ್ನು ಕೂರಿಸುವುದಿಲ್ಲ, ಹಳ್ಳಿಯ ಮನೆಮನೆಗೆ ಹೋಗುತ್ತಾರೆ. ಒಂದೊಂದೇ ಮಗುವಿನ ಕೈಗೆ ಅದರ ಭಾಷೆಯ ಒಂದು ಹಾಳೆ ಕೊಡುತ್ತಾರೆ: ಅಕ್ಷರ, ಪದ, ಒಂದನೇ ತರಗತಿಯ ಸಾಲುಗಳು, ಎರಡನೇ ತರಗತಿಯ ಕಥೆ. ಮನೆಗೆ ಹೋಗುವುದರಿಂದ ಶಾಲೆ ಬಿಟ್ಟ ಹುಡುಗಿಯೂ ಸಿಗುತ್ತಾಳೆ. ಐದನೇ ತರಗತಿಯಲ್ಲಿದ್ದೂ ಎರಡನೇ ತರಗತಿಯ ಪಾಠ ಓದಲಾಗದ ಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದಾರೆ ಎಂಬ ಕಹಿ ಸತ್ಯ ಹೊರಬಂದದ್ದು ಈ ಸರಳ ಹಾಳೆಯಿಂದಲೇ. ಪಾಕಿಸ್ತಾನ, ಕೀನ್ಯಾ, ಉಗಾಂಡ, ತಾಂಜಾನಿಯಾಗಳು ಈ ವಿಧಾನವನ್ನು ತಮ್ಮಲ್ಲಿ ಅಳವಡಿಸಿಕೊಂಡವು.

ಅಂಕಿಗಳ ಆಚೆಗೂ ಒಂದು ವಿಧಾನ ಇದೆ, ನನಗೆ ತುಂಬ ಇಷ್ಟವಾದದ್ದು. ಜೋಸೆಫ್ ಟೋಬಿನ್ ಮತ್ತು ಅವರ ಜೊತೆಗಾರರು ಜಪಾನ್, ಚೀನಾ, ಅಮೆರಿಕದ ಒಂದೊಂದು ಶಿಶುವಿಹಾರದ ದಿನಚರಿಯನ್ನು ವಿಡಿಯೋ ಮಾಡಿದರು. ಅವರ ಪುಸ್ತಕ ಬಂದದ್ದು 1989ರಲ್ಲಿ. ವಿಡಿಯೋವನ್ನು ಮೊದಲು ಅದೇ ಶಿಕ್ಷಕಿಯರಿಗೆ, ಆಮೇಲೆ ಬೇರೆ ದೇಶದ ಶಿಕ್ಷಕಿಯರಿಗೆ ತೋರಿಸಿ ಅಭಿಪ್ರಾಯ ಕೇಳಿದರು. ಜಪಾನಿನ ತುಂಟ ಹುಡುಗನೊಬ್ಬ ಬೇರೆಯವರನ್ನು ಕಾಡುತ್ತಿದ್ದರೂ ಅಲ್ಲಿನ ಶಿಕ್ಷಕಿ ನಡುವೆ ಹೋಗುವುದಿಲ್ಲ. ಅಮೆರಿಕದವರು ಗಾಬರಿಯಾದರು. ಜಪಾನಿನವರ ಉತ್ತರ, ಮಕ್ಕಳು ತಮ್ಮ ಜಗಳವನ್ನು ತಾವೇ ಬಗೆಹರಿಸುವುದನ್ನು ಕಲಿಯಲಿ ಎಂದು. ತರಗತಿಯಲ್ಲಿ ಮಕ್ಕಳು ತೀರ ಕಡಿಮೆಯಾದರೆ ಗುಂಪಿನಲ್ಲಿ ಬಾಳುವುದನ್ನು ಕಲಿಯುವುದು ಹೇಗೆ ಎಂದೂ ಅವರು ಕೇಳಿದರು. ಒಂದೇ ದೃಶ್ಯ, ಒಬ್ಬರಿಗೆ ಅಲಕ್ಷ್ಯ, ಇನ್ನೊಬ್ಬರಿಗೆ ಶಿಕ್ಷಣ.

ಕೊನೆಯದಾಗಿ, ಮಹಿಳಾ ವೇದಿಕೆಯಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆ. ಆ ವ್ಯವಸ್ಥೆ ನಡೆಯುವುದು ಯಾರ ದುಡಿಮೆಯ ಮೇಲೆ? ಜರ್ಮನಿಯಲ್ಲಿ ಬಹುಕಾಲ ಶಾಲೆ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಉಳಿದ ಹೊತ್ತು ಮಗುವನ್ನು ನೋಡಿಕೊಳ್ಳಲು ತಾಯಿ ಅರ್ಧ ದಿನದ ಕೆಲಸಕ್ಕೆ ಸರಿಯಬೇಕಾಗುತ್ತಿತ್ತು. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಪೂರ್ಣ ದಿನದ ಆರೈಕೆ ಹಕ್ಕಾಗಬೇಕೆಂದು ಅಲ್ಲಿ ಕಾನೂನು ಮಾಡಿ, 2026ರಿಂದ ಹಂತ ಹಂತವಾಗಿ ಜಾರಿಗೆ ತರಲು ತೀರ್ಮಾನಿಸಿದ್ದಾರೆ. ಕರ್ನಾಟಕದಲ್ಲಿ 2002ರಲ್ಲಿ ಶುರುವಾದ ಅಕ್ಷರ ದಾಸೋಹದ ಬಿಸಿಯೂಟ ಎಷ್ಟೋ ತಾಯಂದಿರ ಮುಂಜಾನೆಯನ್ನು ಹಗುರ ಮಾಡಿತು. ಅದನ್ನು ಬೇಯಿಸುವವರೂ ಹೆಂಗಸರೇ, ಅವರ ಗೌರವಧನ ಎಷ್ಟು ಎಂಬುದನ್ನೂ ಕೇಳಬೇಕು. ಪುಣೆಯ ಅಪಾರ್ಟ್‌ಮೆಂಟುಗಳಲ್ಲಿ ರಾತ್ರಿ ಹತ್ತಕ್ಕೆ ಪ್ರಾಜೆಕ್ಟಿನ ಥರ್ಮಾಕೋಲ್ ಕತ್ತರಿಸುವವರು ಯಾರು ಎಂದು ನಾನು ಹೇಳಬೇಕಾಗಿಲ್ಲ. ಈ ಗಂಟೆಗಳು ಯಾವ ಶ್ರೇಯಾಂಕದ ಪಟ್ಟಿಯಲ್ಲೂ ಇಲ್ಲ.

ಹಾಗಾದರೆ ನಾವು ಏನು ಮಾಡಬಹುದು? ನಮ್ಮ ವೇದಿಕೆಯಲ್ಲಿ ಮುಂಬಯಿ ಬೋರ್ಡು, ಕರ್ನಾಟಕ ಬೋರ್ಡು, ಸಿಬಿಎಸ್‌ಇ ಬಲ್ಲವರಿದ್ದಾರೆ. ಮಕ್ಕಳು ಮೊಮ್ಮಕ್ಕಳ ಮೂಲಕ ಅಮೆರಿಕ, ಜರ್ಮನಿ, ಸಿಂಗಪುರದ ಶಾಲೆ ಕಂಡವರೂ ಇದ್ದಾರೆ. ಒಬ್ಬೊಬ್ಬರೂ ತಮಗೆ ಗೊತ್ತಿರುವ ಒಂದೇ ಒಂದು ಶಾಲೆಯ ಬಗ್ಗೆ ಒಂದು ಪುಟ ಬರೆಯೋಣ. ಎಲ್ಲರಿಗೂ ಅವೇ ಪ್ರಶ್ನೆಗಳು: ಮಗು ಯಾವ ವಯಸ್ಸಿಗೆ ಸೇರಿತು? ದಿನಕ್ಕೆ ಎಷ್ಟು ಗಂಟೆ ಶಾಲೆ? ಯಾವ ಭಾಷೆಗಳಲ್ಲಿ ಪಾಠ, ಕನ್ನಡಕ್ಕೆ ಎಲ್ಲಿ ಜಾಗ? ಟ್ಯೂಷನ್ ಇದೆಯೇ? ಮನೆಯವರು ದಿನಕ್ಕೆ ಎಷ್ಟು ಹೊತ್ತು ಕೊಡುತ್ತಾರೆ, ಯಾರು ಕೊಡುತ್ತಾರೆ? ಪಕ್ಕದ ಮನೆಯ ಕೆಲಸದಾಕೆಯ ಮಗುವಿಗೂ ಆ ಶಾಲೆಯಲ್ಲಿ ಪ್ರವೇಶ ಇದೆಯೇ? ಹೇಳಿಕೇಳಿದ್ದು ಬೇಡ, ಕಂಡದ್ದು ಮಾತ್ರ. ತೀರ್ಪು ಬೇಡ, ವಿವರ ಸಾಕು.

ಇಪ್ಪತ್ತು ಮೂವತ್ತು ಪುಟ ಸೇರಿದರೆ, ಊರು ಬದಲಿಸುವ ಕನ್ನಡ ಕುಟುಂಬಗಳಿಗೆ ಕೈಗೆ ಸಿಗುವ ಒಂದು ಕಡತ ಆಗುತ್ತದೆ. ಜತ್ತದ ಆ ಹುಡುಗಿಯ ಅತ್ತೆಯಂಥವರು ಪ್ರತಿ ಮನೆಯಲ್ಲೂ ಇರುವುದಿಲ್ಲ. ಆ ಕೆಲಸವನ್ನು ನಮ್ಮ ಸಂಘ ಮಾಡಲಿ. ಮುಂದಿನ ತಿಂಗಳ ಸಭೆಗೆ ಮೊದಲ ಪುಟ ನಾನೇ ಬರೆದು ತರುತ್ತೇನೆ, ನಿಮ್ಮದನ್ನೂ ತನ್ನಿ.